ಪೆಗ್ಗಿ ಆಶ್‌ಕ್ರಾಫ್ಟ್ ಅವರ ಜೀವನಚಿತ್ರ ಬರೆಯುವ ಬಗೆ: ಬೆಂಗಳೂರಿನ ಬರಹಗಾರರಿಗೊಂದು ಕೈಪಿಡಿ

ನಟನಟಿಯರ ಬಗ್ಗೆ ಕನ್ನಡದಲ್ಲಿ ಬರುವ ಪರಿಚಯ ಲೇಖನಗಳಲ್ಲಿ ಹೆಚ್ಚಿನವು ಒಂದೇ ಹಾದಿಯಲ್ಲಿ ನಡೆಯುತ್ತವೆ. ಹುಟ್ಟಿದ ಊರು, ತಂದೆತಾಯಿ, ಮೊದಲ ಅವಕಾಶ, ನಾಟಕ ಮತ್ತು ಸಿನಿಮಾಗಳ ಉದ್ದನೆಯ ಪಟ್ಟಿ, ಪ್ರಶಸ್ತಿಗಳು, ನಿಧನ. ಓದಿ ಮುಗಿಸಿದ ಮೇಲೆ ಆ ಕಲಾವಿದರು ರಂಗದ ಮೇಲೆ ನಿಂತಾಗ ಏನು ಮಾಡುತ್ತಿದ್ದರು ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲವೂ ಓದುಗರಿಗೆ ತಿಳಿದಿರುತ್ತದೆ. ಬ್ರಿಟಿಷ್ ರಂಗಭೂಮಿಯ ಕಲಾವಿದರ ವಿಷಯದಲ್ಲಂತೂ ಈ ಕೊರತೆ ಇನ್ನೂ ಹೆಚ್ಚು, ಏಕೆಂದರೆ ಅವರ ನಾಟಕಗಳನ್ನು ನಾವು ನೋಡಿಲ್ಲ, ಅವರು ದುಡಿದ ಸಂಸ್ಥೆಗಳ ಪರಿಚಯವೂ ನಮಗಿಲ್ಲ. ಅಭಿನಯವನ್ನು ನಡುವಿಗಿಟ್ಟು ಒಂದು ಜೀವನಚಿತ್ರವನ್ನು ಕಟ್ಟುವುದು ಹೇಗೆ ಎಂಬುದನ್ನು ಇಂಗ್ಲಿಷ್ ನಟಿ ಡೇಮ್ ಪೆಗ್ಗಿ ಆಶ್‌ಕ್ರಾಫ್ಟ್ (1907–1991) ಅವರ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ. ಅವರನ್ನೇ ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಐವತ್ತು ವರ್ಷಗಳನ್ನು ಮೀರಿದ ಅವರ ರಂಗಜೀವನವನ್ನು ಸರಿಯಾಗಿ ಹೇಳಿದರೆ ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯ ಕತೆಯನ್ನೂ ಬಹುಮಟ್ಟಿಗೆ ಹೇಳಿದಂತಾಗುತ್ತದೆ. ಅವರಿಗೆ ಆಸ್ಕರ್ ತಂದುಕೊಟ್ಟ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ದೊಡ್ಡ ಭಾಗ ಬೆಂಗಳೂರು ಮತ್ತು ರಾಮನಗರದ ಸುತ್ತಮುತ್ತ ಚಿತ್ರೀಕರಣಗೊಂಡದ್ದು ಎರಡನೆಯ ಕಾರಣ. ಈ ಒಂದು ವಿಷಯದಲ್ಲಿ ಲಂಡನ್ನಿನ ಬರಹಗಾರರಿಗಿಲ್ಲದ ಅನುಕೂಲ ನಮಗಿದೆ.

ಬರೆಯಲು ಕೂರುವ ಮೊದಲು ಒಂದು ಕಾಲಪಟ್ಟಿಯನ್ನು ಮಾಡಿಕೊಳ್ಳಬೇಕು. ಇದನ್ನು ಓದುಗರಿಗೆ ತೋರಿಸಬೇಕಾಗಿಲ್ಲ, ನಿಮ್ಮ ಮೇಜಿನ ಮೇಲಿದ್ದರೆ ಸಾಕು. ಆಶ್‌ಕ್ರಾಫ್ಟ್ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ಪೂರ್ಣ ಹೆಸರು ಈಡಿತ್ ಮಾರ್ಗರೆಟ್ ಎಮಿಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ತಾಯಿ ಹವ್ಯಾಸಿ ನಟಿಯಾಗಿದ್ದವರು. ಎಲ್ಸಿ ಫೋಗರ್ಟಿ ಎಂಬ ಪ್ರಸಿದ್ಧ ವಾಚಿಕ ಶಿಕ್ಷಕಿಯ ಬಳಿ ಕಲಿತಿದ್ದರು. ಮಗಳು ಹದಿನಾರರ ಹರೆಯದಲ್ಲಿ ಅದೇ ಫೋಗರ್ಟಿಯವರ ಸೆಂಟ್ರಲ್ ಸ್ಕೂಲ್ ಎಂಬ ರಂಗಶಾಲೆ ಸೇರಿದರು, ಅಲ್ಲಿ ಮುಂದೆ ಹೆಸರಾಂತ ನಟರಾದ ಲಾರೆನ್ಸ್ ಒಲಿವಿಯರ್ ಸಹಪಾಠಿಯಾಗಿದ್ದರು. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರಿನಲ್ಲಿ ರಾಲ್ಫ್ ರಿಚರ್ಡ್‌ಸನ್ ಜೊತೆಗೆ ಮೊದಲ ವೃತ್ತಿಪರ ಪಾತ್ರ. ಬಾಲ್ಯಕ್ಕೆ ನಿಮ್ಮ ಲೇಖನದಲ್ಲಿ ಇಷ್ಟು ಜಾಗ ಸಾಕು. ತಾಯಿಯ ಗುರುವೇ ಮಗಳಿಗೂ ಗುರುವಾದರು ಎಂಬ ಅಂಶವನ್ನು ಮಾತ್ರ ಬಿಡಬೇಡಿ. ಮುಂದೆ ಅವರ ಧ್ವನಿಯ ಬಗ್ಗೆ ಬರೆಯುವಾಗ ಅದು ಉಪಯೋಗಕ್ಕೆ ಬರುತ್ತದೆ.

ಕಾಲಪಟ್ಟಿ ಮಾಡುವಾಗ ವಯಸ್ಸಿನ ಲೆಕ್ಕದಲ್ಲಿ ಎಚ್ಚರ ಬೇಕು. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವರ ವಯಸ್ಸನ್ನು ಇಸವಿಯಿಂದ ಇಸವಿ ಕಳೆದು ಬರೆದರೆ ವರ್ಷದ ಬಹುಪಾಲು ದಿನಗಳಿಗೆ ಅದು ತಪ್ಪಾಗುತ್ತದೆ. 1930ರಲ್ಲಿ 'ಒಥೆಲೋ' ನಾಟಕದ ಡೆಸ್ಡೆಮೋನಾ ಆದಾಗ ಅವರಿಗೆ 22 ವರ್ಷ, 23 ಅಲ್ಲ. 1960ರ ಬೇಸಿಗೆಯಲ್ಲಿ ಶೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಪೀಟರ್ ಓಟೂಲ್ ಎದುರು 'ದಿ ಟೇಮಿಂಗ್ ಆಫ್ ದಿ ಶ್ರೂ' ನಾಟಕದ ಕ್ಯಾತರೀನಾ ಆದಾಗ 52. ಈ ಸಂಖ್ಯೆಗಳು ಕೇವಲ ಅಲಂಕಾರವಲ್ಲ. ಐವತ್ತೆರಡರ ನಟಿ ತನಗಿಂತ ಇಪ್ಪತ್ತನಾಲ್ಕು ವರ್ಷ ಚಿಕ್ಕವರಾದ ನಟನ ಎದುರು ಮದುವೆಯಾಗಬೇಕಾದ ಹುಡುಗಿಯ ಪಾತ್ರ ವಹಿಸಿದರು ಎಂಬುದು ಅಭಿನಯದ ಕುರಿತಾದ ಸಂಗತಿ, ಆದ್ದರಿಂದ ಅದು ಸರಿಯಾಗಿರಬೇಕು.

ಕಾಲಪಟ್ಟಿ ಸಿದ್ಧವಾದ ಮೇಲೆ ಎಳೆಯನ್ನು ಹುಡುಕಬೇಕು. ಅರವತ್ತು ವರ್ಷ ದುಡಿದವರ ಬದುಕಿನಲ್ಲಿ ಹತ್ತಾರು ಎಳೆಗಳಿರುತ್ತವೆ. ಒಂದನ್ನು ಆರಿಸಿ ಉಳಿದವನ್ನು ಅದಕ್ಕೆ ಒಳಪಡಿಸದಿದ್ದರೆ ಲೇಖನ ಮತ್ತೆ ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವುದೇನು ಎಂದು ನೋಡುವುದು ಎಳೆ ಹಿಡಿಯುವ ಸುಲಭ ಉಪಾಯ. ಆಶ್‌ಕ್ರಾಫ್ಟ್ ಅವರ ಪಟ್ಟಿಯಲ್ಲಿ ಮರುಕಳಿಸುವುದು ತಂಡ. 1932–33ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕಮಂದಿರದ ತಂಡದೊಂದಿಗೆ ಒಂದು ನಾಟಕ ಋತು. 1937–38ರಲ್ಲಿ ಕ್ವೀನ್ಸ್ ಥಿಯೇಟರಿನಲ್ಲಿ ನಟ, ನಿರ್ದೇಶಕ ಜಾನ್ ಗೀಲ್ಗುಡ್ ಕಟ್ಟಿದ ತಂಡ; ಒಂದೇ ಬಳಗದ ನಟರು 'ರಿಚರ್ಡ್ II', 'ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್', 'ತ್ರೀ ಸಿಸ್ಟರ್ಸ್', 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕಗಳನ್ನು ಒಂದರ ಹಿಂದೊಂದು ಆಡಿದ ಆ ಪ್ರಯೋಗಕ್ಕೆ ಸರ್ಕಾರದ ನೆರವಿರಲಿಲ್ಲ. 1956ರಲ್ಲಿ, ಅವರಿಗೆ ಡೇಮ್ ಗೌರವ (ಪುರುಷರ 'ಸರ್'ಗೆ ಸಮನಾದ ಬ್ರಿಟಿಷ್ ಬಿರುದು) ಸಂದ ವರ್ಷವೇ, ಆಗತಾನೇ ಹುಟ್ಟಿದ್ದ ಇಂಗ್ಲಿಷ್ ಸ್ಟೇಜ್ ಕಂಪನಿಗಾಗಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ದಿ ಗುಡ್ ವುಮನ್ ಆಫ್ ಸೆಟ್ಸುವಾನ್' ನಾಟಕದಲ್ಲಿ ಮುಖ್ಯ ಪಾತ್ರ. 1960ರಲ್ಲಿ ನಿರ್ದೇಶಕ ಪೀಟರ್ ಹಾಲ್ ಸ್ಟ್ರಾಟ್‌ಫರ್ಡ್‌ನ ಶೇಕ್ಸ್‌ಪಿಯರ್ ನಾಟಕಮಂದಿರದ ಹೊಣೆ ಹೊತ್ತು, ಮರುವರ್ಷ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂದು ಹೆಸರಾದ ಸಂಸ್ಥೆಗೆ ದೀರ್ಘಾವಧಿಯ ಕರಾರಿನ ನಟರನ್ನು ಹುಡುಕುತ್ತಿದ್ದಾಗ ಒಪ್ಪಿ ಬಂದ ಮೊದಲಿಗರಲ್ಲಿ ಆಶ್‌ಕ್ರಾಫ್ಟ್ ಒಬ್ಬರು. ಅಷ್ಟು ಹೊತ್ತಿಗೆ ಅವರು ಲಂಡನ್ನಿನ ಯಾವ ವಾಣಿಜ್ಯ ನಾಟಕಮಂದಿರದಲ್ಲಾದರೂ ತಮ್ಮ ಹೆಸರೊಂದರಿಂದಲೇ ಟಿಕೆಟ್ ಮಾರಿಸಬಲ್ಲ ತಾರೆಯಾಗಿದ್ದರು. ತಾರೆಯಾಗಿದ್ದೂ ತಂಡದಲ್ಲೊಬ್ಬರಾಗಿರಲು ಬಯಸಿದ ನಟಿ ಎಂಬುದೇ ನನ್ನ ಮಟ್ಟಿಗೆ ಅವರ ಬದುಕಿನ ನಿಜವಾದ ಎಳೆ. ನೀವು ಬೇರೆ ಎಳೆಯನ್ನು ಹಿಡಿಯಬಹುದು, ಆದರೆ ಒಂದನ್ನು ಹಿಡಿಯಲೇಬೇಕು.

ಈ ಎಳೆ ಹಿಡಿದ ಕೂಡಲೇ ಒಂದು ತೊಡಕು ಎದುರಾಗುತ್ತದೆ. ರೆಪರ್ಟರಿ, ಓಲ್ಡ್ ವಿಕ್, ವೆಸ್ಟ್ ಎಂಡ್ ಮುಂತಾದವು ಕನ್ನಡ ಓದುಗರಿಗೆ ಬರಿಯ ಹೆಸರುಗಳು. ಅವುಗಳನ್ನು ವಿವರಿಸಲು ಪುಟಗಟ್ಟಲೆ ಬರೆಯುವ ಅಗತ್ಯವಿಲ್ಲ, ನಮ್ಮಲ್ಲೇ ಇರುವ ಸಂಸ್ಥೆಗಳ ಆಧಾರ ಹಿಡಿದರೆ ಒಂದು ವಾಕ್ಯದಲ್ಲಿ ಕೆಲಸವಾಗುತ್ತದೆ. ಕಾಯಂ ನಟವರ್ಗವನ್ನಿಟ್ಟುಕೊಂಡು ಒಂದಾದ ಮೇಲೊಂದು ನಾಟಕ ಆಡುವ ಪದ್ಧತಿಯನ್ನು ಮೈಸೂರಿನ ರಂಗಾಯಣವನ್ನಾಗಲೀ ನೀನಾಸಂ ತಿರುಗಾಟವನ್ನಾಗಲೀ ಬಲ್ಲವರು ತಕ್ಷಣ ಗ್ರಹಿಸುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಗುಬ್ಬಿ ಕಂಪನಿಯ ಉದಾಹರಣೆಯೂ ಇದೆ. ವೆಸ್ಟ್ ಎಂಡ್ ಎಂದರೆ ಬೆಂಗಳೂರಿನವರಿಗೆ ರೇಸ್ ಕೋರ್ಸ್ ರಸ್ತೆಯ ಹೋಟೆಲು ನೆನಪಾಗುವ ಸಂಭವವೇ ಹೆಚ್ಚು, ಹಾಗಾಗಿ ಅದು ಲಂಡನ್ನಿನ ವಾಣಿಜ್ಯ ನಾಟಕಮಂದಿರಗಳಿರುವ ಪ್ರದೇಶ ಎಂದು ಮೊದಲ ಬಾರಿ ಬಂದಲ್ಲೇ ಹೇಳಿಬಿಡಿ. ಹೋಲಿಕೆಯನ್ನು ಅರ್ಥ ಮಾಡಿಸುವುದಕ್ಕೆ ಬಳಸಬೇಕೇ ಹೊರತು ತೂಗಿ ನೋಡುವುದಕ್ಕಲ್ಲ. ಆಶ್‌ಕ್ರಾಫ್ಟ್ ಅವರನ್ನು 'ಇಂಗ್ಲೆಂಡಿನ ಇಂತಿಂಥವರು' ಎಂದು ನಮ್ಮ ಯಾವುದೋ ಹಿರಿಯ ನಟಿಯ ಹೆಸರಿಟ್ಟು ಕರೆದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಇನ್ನು ಅತ್ಯಂತ ಕಷ್ಟದ ಭಾಗಕ್ಕೆ ಬರೋಣ. ನಾಟಕ ಮುಗಿದ ರಾತ್ರಿಯೇ ಅಭಿನಯವೂ ಮುಗಿಯುತ್ತದೆ. 1930ರಲ್ಲಿ ಸವಾಯ್ ಥಿಯೇಟರಿನಲ್ಲಿ ಪಾಲ್ ರೋಬ್ಸನ್ ಒಥೆಲೋ ಆಗಿ, ಆಶ್‌ಕ್ರಾಫ್ಟ್ ಡೆಸ್ಡೆಮೋನಾ ಆಗಿ ನಿಂತದ್ದನ್ನು ಕಂಡವರು ಈಗ ಯಾರೂ ಸಿಗಲಾರರು. 1935ರಲ್ಲಿ ನ್ಯೂ ಥಿಯೇಟರಿನ 'ರೋಮಿಯೋ ಅಂಡ್ ಜೂಲಿಯೆಟ್'ನಲ್ಲಿ ಗೀಲ್ಗುಡ್ ಮತ್ತು ಒಲಿವಿಯರ್ ರೋಮಿಯೋ ಹಾಗೂ ಮರ್ಕ್ಯುಶಿಯೋ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡು ಆಡಿದರು. ಜೂಲಿಯೆಟ್ ಮಾತ್ರ ಬದಲಾಗಲಿಲ್ಲ. ಈ ಎರಡು ಪ್ರಯೋಗಗಳ ಬಗ್ಗೆ ಬರೆಯಲು ನಿಮಗೆ ಸಿಗುವುದು ಮೂರು ಬಗೆಯ ಸಾಮಗ್ರಿ: ಆ ವಾರದ ಪತ್ರಿಕಾ ವಿಮರ್ಶೆ, ಫೋಟೋ, ದಶಕಗಳ ಅನಂತರ ನಟರು ಹೇಳಿಕೊಂಡ ನೆನಪು. ಇವು ಮೂರೂ ಸಮಾನ ನಂಬಿಕೆಗೆ ಅರ್ಹವಲ್ಲ. ವಿಮರ್ಶಕ ತಾನು ಕಂಡದ್ದನ್ನೇ ಬರೆದಿರುತ್ತಾನೆ, ಆದರೆ ಅವನು ನೋಡಿರುವುದು ಒಂದೇ ರಾತ್ರಿ, ಅದೂ ಹೆಚ್ಚಾಗಿ ನಟರ ಎದೆ ಡವಗುಟ್ಟುವ ಮೊದಲ ಪ್ರಯೋಗ. ಆ ಕಾಲದ ರಂಗಫೋಟೋಗಳು ಬಹುಪಾಲು ಕ್ಯಾಮೆರಾಗಾಗಿ ನಿಂತು ತೆಗೆಸಿಕೊಂಡಂಥವು. ಉಡುಪು ಮತ್ತು ರಂಗಸಜ್ಜಿಕೆಯ ಬಗ್ಗೆ ಅವು ಹೇಳುವ ಮಾತು ಸತ್ಯ, ಚಲನೆಯ ಬಗ್ಗೆ ಹೇಳುವ ಮಾತು ಅಷ್ಟು ಸತ್ಯವಲ್ಲ. ಮುದಿವಯಸ್ಸಿನ ನೆನಪಿನಲ್ಲಿ ಪ್ರೀತಿ ಹೆಚ್ಚಿರುತ್ತದೆ, ದಿನಾಂಕಗಳು ಕಲಸಿಹೋಗಿರುತ್ತವೆ. ಮೂರರಲ್ಲಿ ಎರಡು ಒಂದೇ ಮಾತು ಹೇಳುತ್ತಿದ್ದರೆ ಮಾತ್ರ ಅದನ್ನು ಸಂಗತಿಯೆಂದು ಬರೆಯಿರಿ. ಒಂದರಲ್ಲಷ್ಟೇ ಇದ್ದರೆ ಹೇಳಿದವರು ಯಾರೆಂಬುದನ್ನು ವಾಕ್ಯದಲ್ಲೇ ಸೇರಿಸಿರಿ.

ನಾಟಕದ ಪಠ್ಯವೂ ಒಂದು ಸಾಕ್ಷಿಯೇ, ಅದನ್ನು ಹಲವರು ಮರೆಯುತ್ತಾರೆ. ಡೆಸ್ಡೆಮೋನಾಳಿಗೆ ಮಾತು ಎಷ್ಟಿದೆ, ಅವಳು ಸುಮ್ಮನೆ ನಿಂತಿರಬೇಕಾದ ದೃಶ್ಯಗಳೆಷ್ಟು, ಕೊನೆಯ ದೃಶ್ಯದಲ್ಲಿ ಮಲಗಿದ ಸ್ಥಿತಿಯಿಂದಲೇ ನಟಿ ಏನೇನನ್ನು ಸಾಧಿಸಬೇಕಾಗುತ್ತದೆ ಎಂಬುದನ್ನು ನಾಟಕವನ್ನು ಕೈಯಲ್ಲಿ ಹಿಡಿದು ಗುರುತು ಹಾಕಿಕೊಂಡರೆ, ವಿಮರ್ಶೆಯ ಒಂದು ಸಾಲೂ ಹೊಸ ಅರ್ಥ ಕೊಡತೊಡಗುತ್ತದೆ. ಶೇಕ್ಸ್‌ಪಿಯರ್, ಇಬ್ಸೆನ್, ಚೆಕಾಫ್ ನಾಟಕಗಳ ಹಳೆಯ ಪ್ರತಿಗಳು ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಮತ್ತು ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯಗಳಲ್ಲಿಯೂ ಹುಡುಕಬಹುದು. ಡೆಸ್ಡೆಮೋನಾ ಪ್ರಸಂಗವನ್ನು ಬರೆಯುವಾಗ ಆ ಪ್ರಯೋಗದ ಸಾಮಾಜಿಕ ಹಿನ್ನೆಲೆಯನ್ನು ಬಿಡುವಂತಿಲ್ಲ. ರೋಬ್ಸನ್ ಅಮೆರಿಕದ ಕಪ್ಪು ಜನಾಂಗದ ನಟ, ಗಾಯಕ. ಲಂಡನ್ನಿನ ವೃತ್ತಿರಂಗಭೂಮಿಯಲ್ಲಿ ಕಪ್ಪು ನಟನೊಬ್ಬ ಒಥೆಲೋ ಆಗಿ ಬಿಳಿಯ ನಟಿಯನ್ನು ಅಪ್ಪಿಕೊಳ್ಳುವುದು ಅಂದಿನ ಪ್ರೇಕ್ಷಕರಲ್ಲಿ ಕೆಲವರಿಗೆ ಸಹಿಸಲಾಗದ ವಿಷಯವಾಗಿತ್ತು. ಇಪ್ಪತ್ತೆರಡರ ನಟಿಯೊಬ್ಬರು ಈ ಪಾತ್ರ ವಹಿಸಿದ್ದರ ಹಿಂದಿನ ಎದೆಗಾರಿಕೆ ಇದನ್ನು ಹೇಳದೆ ಓದುಗರಿಗೆ ಕಾಣುವುದಿಲ್ಲ.

ಅದೃಷ್ಟವಶಾತ್ ಆಶ್‌ಕ್ರಾಫ್ಟ್ ಅವರ ಎಲ್ಲ ಅಭಿನಯವೂ ಕಳೆದುಹೋಗಿಲ್ಲ. ಉಳಿದಿರುವ ಮುದ್ರಿಕೆಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಮುಖ್ಯ. ಪ್ರಸಿದ್ಧವಾದುದರಿಂದ ಶುರುಮಾಡಬೇಡಿ. ಮೊದಲು ಹಿಚ್‌ಕಾಕ್ ನಿರ್ದೇಶನದ 'ದಿ 39 ಸ್ಟೆಪ್ಸ್' (1935) ನೋಡಿ. ತಲೆಮರೆಸಿಕೊಂಡ ನಾಯಕ ಸ್ಕಾಟ್ಲೆಂಡಿನ ಬಡ ರೈತನೊಬ್ಬನ ಮನೆಯಲ್ಲಿ ಒಂದು ರಾತ್ರಿ ತಂಗುತ್ತಾನೆ. ರೈತನ ಎಳೆಯ ಹೆಂಡತಿಯ ಪಾತ್ರ ಆಶ್‌ಕ್ರಾಫ್ಟ್ ಅವರದು. ಪರದೆಯ ಮೇಲೆ ಅವಳಿರುವುದು ಕೆಲವೇ ನಿಮಿಷ. ಗ್ಲಾಸ್ಗೋ ಬಿಟ್ಟು ಬಂದು ಈ ಒಂಟಿ ಮನೆಯಲ್ಲಿ ಸಿಕ್ಕಿಕೊಂಡವಳು ಅತಿಥಿಯ ಬಳಿ ನಗರದ ವಿಷಯ ಕೇಳುತ್ತಾಳೆ, ಗಂಡನ ಅನುಮಾನದ ಕಣ್ಣಿಗೆ ಬೀಳುತ್ತಾಳೆ, ಕೊನೆಗೆ ಗಂಡನ ಕೋಟನ್ನೇ ಅತಿಥಿಗೆ ಕೊಟ್ಟು ಪಾರು ಮಾಡುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಪುಸ್ತಕ ಮುಂದೆ ನಾಯಕನ ಜೀವ ಉಳಿಸುತ್ತದೆ. ಈ ದೃಶ್ಯಗಳನ್ನು ಒಮ್ಮೆ ಶಬ್ದದೊಂದಿಗೆ, ಒಮ್ಮೆ ಶಬ್ದವಿಲ್ಲದೆ ನೋಡಿರಿ. ಶಬ್ದವಿಲ್ಲದಾಗ ಅವರ ಕಣ್ಣುಗಳು ಯಾವ ಕ್ಷಣದಲ್ಲಿ ಗಂಡನತ್ತ ಹೊರಳುತ್ತವೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. 'ಮನೋಜ್ಞ ಅಭಿನಯ' ಎಂದು ಹತ್ತು ಬಾರಿ ಬರೆಯುವುದಕ್ಕಿಂತ ಇಂಥ ಒಂದು ಟಿಪ್ಪಣಿ ಹೆಚ್ಚು ಬೆಲೆಯುಳ್ಳದ್ದು. ಚಿಕ್ಕ ಪಾತ್ರದಲ್ಲಿ ನಟಿ ಅಡಗಿಕೊಳ್ಳಲು ಜಾಗವಿರುವುದಿಲ್ಲ, ನೋಡುವವರ ಗಮನವೂ ಚದುರುವುದಿಲ್ಲ.

ಆಮೇಲೆ 1962ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಚೆಕಾಫ್‌ನ 'ದಿ ಚೆರ್ರಿ ಆರ್ಚರ್ಡ್' ನೋಡಬಹುದು. ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಮಿಶೆಲ್ ಸಾಂ-ದನಿ ನಿರ್ದೇಶಿಸಿದ ಪ್ರಯೋಗದಲ್ಲಿ ಆಶ್‌ಕ್ರಾಫ್ಟ್ ತೋಟದ ಒಡತಿ ರನೆವ್‌ಸ್ಕಾಯಾ, ಗೀಲ್ಗುಡ್ ಅವಳ ಅಣ್ಣ, ಎಳೆಯ ಜೂಡಿ ಡೆಂಚ್ ಮಗಳು. ಆದರೆ ನಿಮ್ಮ ಸಮಯದ ದೊಡ್ಡ ಪಾಲನ್ನು 'ದಿ ವಾರ್ಸ್ ಆಫ್ ದಿ ರೋಸಸ್' ಸರಣಿಗೆ ಮೀಸಲಿಡಿ. ಶೇಕ್ಸ್‌ಪಿಯರನ 'ಹೆನ್ರಿ VI'ರ ಮೂರು ಭಾಗಗಳು ಮತ್ತು 'ರಿಚರ್ಡ್ III' ನಾಟಕವನ್ನು ಜಾನ್ ಬಾರ್ಟನ್ ಮೂರು ನಾಟಕಗಳಾಗಿ ಕತ್ತರಿಸಿ ಜೋಡಿಸಿದರು. 1963ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಪ್ರಯೋಗವಾಯಿತು, 1965ರಲ್ಲಿ ಬಿಬಿಸಿ ಅದನ್ನು ಪ್ರಸಾರ ಮಾಡಿತು. ಆಂಜೂವಿನ ಮಾರ್ಗರೆಟ್ ಪಾತ್ರ ಆಶ್‌ಕ್ರಾಫ್ಟ್ ಅವರದು. ಫ್ರಾನ್ಸಿನಿಂದ ಸೆರೆಯಾಗಿ ಬರುವ ಹುಡುಗಿಯಾಗಿ ರಂಗಕ್ಕೆ ಬರುವವಳು ಇಂಗ್ಲೆಂಡಿನ ರಾಣಿಯಾಗಿ, ಸೈನ್ಯ ನಡೆಸುವ ತಾಯಿಯಾಗಿ, ಮಗನನ್ನು ಕಳೆದುಕೊಂಡು ಕೊನೆಗೆ ಎಲ್ಲರನ್ನೂ ಶಪಿಸುತ್ತ ಅಲೆಯುವ ಮುದುಕಿಯಾಗುವವರೆಗೆ ಮೂರೂ ನಾಟಕಗಳಲ್ಲಿ ಬೆಳೆಯುತ್ತಾಳೆ. ನಟಿಗೆ ಆಗ ಐವತ್ತೈದು ತುಂಬಿತ್ತು. ಪಾತ್ರದ ಪ್ರಾಯ ಕಡಿಮೆಯಿರುವಲ್ಲಿಯೂ ಹೆಚ್ಚಿರುವಲ್ಲಿಯೂ ಧ್ವನಿಯ ವೇಗ, ನಡೆಯುವ ರೀತಿ, ತಲೆ ಎತ್ತಿ ಹಿಡಿಯುವ ಕೋನ ಇವು ಹೇಗೆ ಬದಲಾಗುತ್ತವೆ ಎಂಬುದನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆದುಕೊಳ್ಳಿ. ಯಾರ್ಕ್‌ನ ಡ್ಯೂಕನನ್ನು ಸೆರೆ ಹಿಡಿದು, ಅವನ ಎಳೆಯ ಮಗನ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಕಣ್ಣೀರೊರೆಸಿಕೊಳ್ಳಲು ಕೊಟ್ಟು ಹಂಗಿಸುವ ದೃಶ್ಯವನ್ನು ಪೂರ್ತಿಯಾಗಿ ವಿವರಿಸಿ. ಜೀವನಚಿತ್ರದಲ್ಲಿ ಒಂದೇ ಒಂದು ದೃಶ್ಯಕ್ಕೆ ಮುನ್ನೂರು ಪದಗಳನ್ನು ಕೊಡುವುದಿದ್ದರೆ ಅದು ಇದಕ್ಕೇ. ಕ್ರೌರ್ಯ, ಭಯ, ಗೆಲುವಿನ ಅಮಲು ಮೂರೂ ಒಂದೇ ಮುಖದ ಮೇಲೆ ಬಂದು ಹೋಗುವ ಇಂಥ ಕಡೆ ಓದುಗರನ್ನು ಕೂರಿಸಿದರೆ, 1949ರ 'ದಿ ಏರೆಸ್', 1952ರ 'ದಿ ಡೀಪ್ ಬ್ಲೂ ಸೀ', 1954ರ 'ಹೆಡ್ಡಾ ಗ್ಯಾಬ್ಲರ್' ಇವುಗಳನ್ನು ಒಂದೊಂದು ವಾಕ್ಯದಲ್ಲಿ ದಾಟಿದರೂ ಅವರು ಬೇಸರಿಸುವುದಿಲ್ಲ.

ಈಗ ಬೆಂಗಳೂರಿನ ಅಧ್ಯಾಯ. ಡೇವಿಡ್ ಲೀನ್ ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯನ್ನು ಆಧರಿಸಿದ ತಮ್ಮ ಕೊನೆಯ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು 1983ರ ಕೊನೆಯಿಂದ ಚಿತ್ರಿಸತೊಡಗಿದರು. ಬೆಂಗಳೂರು ಅರಮನೆಯ ಮೈದಾನದಲ್ಲಿ ಕತೆಯ ಚಂದ್ರಾಪೋರ್ ಪಟ್ಟಣದ ಪೇಟೆಬೀದಿಯ ಸೆಟ್ ಎದ್ದಿತು. ಮರಬಾರ್ ಗುಹೆಗಳ ಹೊರಾಂಗಣ ದೃಶ್ಯಗಳಿಗೆ ಸಾವನದುರ್ಗ ಮತ್ತು ರಾಮನಗರದ ಬಂಡೆಬೆಟ್ಟಗಳು ಒದಗಿದವು. ಗುಹೆಗಳಿಗೆ ಹೋಗುವ ರೈಲು ನೀಲಗಿರಿಯ ಬೆಟ್ಟದ ರೈಲು. ಕಾದಂಬರಿಯ ಗುಹೆಗಳಿಗೆ ಪ್ರೇರಣೆಯಾದದ್ದು ಬಿಹಾರದ ಬರಾಬರ್ ಗುಹೆಗಳು ಎಂಬುದನ್ನು ಸೇರಿಸಿ, ಇಲ್ಲದಿದ್ದರೆ ಕತೆ ನಡೆಯುವುದೇ ನಮ್ಮೂರಲ್ಲಿ ಎಂದು ಓದುಗರು ತಿಳಿದಾರು. ಮಗನನ್ನು ಕಾಣಲು ಭಾರತಕ್ಕೆ ಬರುವ ವಯಸ್ಸಾದ ಇಂಗ್ಲಿಷ್ ಹೆಂಗಸು ಶ್ರೀಮತಿ ಮೂರ್ ಪಾತ್ರಕ್ಕೆ ಬಂದ ಆಶ್‌ಕ್ರಾಫ್ಟ್ ಅವರಿಗೆ ಆ ಡಿಸೆಂಬರಿನಲ್ಲಿ ಎಪ್ಪತ್ತಾರು ತುಂಬಿತು. ಪ್ರೊಫೆಸರ್ ಗೋಡ್‌ಬೋಲೆಯಾಗಿದ್ದ ಆಲೆಕ್ ಗಿನ್ನೆಸ್ 1937–38ರ ಕ್ವೀನ್ಸ್ ಥಿಯೇಟರ್ ತಂಡದಲ್ಲಿ ಅವರ ಜೊತೆ ಚಿಕ್ಕ ಪಾತ್ರಗಳನ್ನು ಮಾಡುತ್ತಿದ್ದ ಹುಡುಗ. ನೀವು ಮೊದಲೇ 'ತಂಡ' ಎಂಬ ಎಳೆಯನ್ನು ಹಿಡಿದಿದ್ದರೆ ಅದು ನಲವತ್ತೈದು ವರ್ಷ ಕಳೆದು ಇಲ್ಲಿಗೆ ಬಂದು ಮುಟ್ಟುವುದನ್ನು ತೋರಿಸಲು ಹೆಚ್ಚು ಮಾತು ಬೇಡ.

ಈ ಅಧ್ಯಾಯಕ್ಕಾಗಿ ಮೂರು ಕೆಲಸಗಳನ್ನು ಮಾಡಬೇಕು. ಒಂದು, ಚಿತ್ರವನ್ನು ನೋಡಿದ ಮರುದಿನವೇ ಸಾವನದುರ್ಗಕ್ಕೋ ರಾಮದೇವರಬೆಟ್ಟಕ್ಕೋ ಹೋಗಿ ಬನ್ನಿ; ನಗರದಿಂದ ಸುಮಾರು ಐವತ್ತು ಅರವತ್ತು ಕಿಲೋಮೀಟರ್, ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮರಳಬಹುದು. ಬಿಸಿಲೇರಿದ ಮೇಲೆ ಆ ಬಂಡೆಗಳ ಬುಡದಲ್ಲಿ ಸ್ವಲ್ಪ ಹೊತ್ತು ನಿಂತರೆ, ಹಿರಿಯ ನಟಿಯೊಬ್ಬರಿಗೆ ಆ ಕೆಲಸ ಎಷ್ಟು ದೈಹಿಕ ಶ್ರಮದ್ದಾಗಿತ್ತು ಎಂಬುದು ಯಾವ ಪುಸ್ತಕವೂ ಹೇಳದ ರೀತಿಯಲ್ಲಿ ತಿಳಿಯುತ್ತದೆ. ಎರಡು, 1983ರ ಕೊನೆ ಮತ್ತು 1984ರ ಮೊದಲ ತಿಂಗಳುಗಳ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿ. ವಿದೇಶಿ ಜೀವನಚರಿತ್ರೆಕಾರರು ಕನ್ನಡ ಪತ್ರಿಕೆಗಳ ಕಡೆ ತಲೆ ಹಾಕಿರುವ ಸಾಧ್ಯತೆ ಕಡಿಮೆ. ಮೂರು, ಜನಜಂಗುಳಿಯ ದೃಶ್ಯಗಳಲ್ಲಿ ನಿಂತವರು, ಬಡಗಿ ಕೆಲಸ ಮಾಡಿದವರು, ವಾಹನ ಓಡಿಸಿದವರು ನಿಮ್ಮ ಪರಿಚಯದ ಬಳಗದಲ್ಲಿದ್ದರೆ ಮಾತನಾಡಿಸಿ. ನಲವತ್ತು ವರ್ಷದ ಹಿಂದಿನ ನೆನಪಿನಲ್ಲಿ ಲೀನ್, ಗಿನ್ನೆಸ್, ಆಶ್‌ಕ್ರಾಫ್ಟ್ ಮೂವರೂ ಒಂದೇ ದಿನ ಒಂದೇ ಮೇಜಿನಲ್ಲಿ ಕಾಫಿ ಕುಡಿದಂತೆ ಕಾಣುವುದು ಸಹಜ. ಹೇಳುವವರ ಪ್ರಾಮಾಣಿಕತೆಯನ್ನು ಶಂಕಿಸದೆ, ಪತ್ರಿಕೆಯ ವರದಿಯೊಡನೆ ತಾಳೆ ನೋಡಿಯೇ ಬಳಸಿ. ಅವರ ಹೆಸರು ಹಾಕುವ ಮೊದಲು ಅನುಮತಿ ಕೇಳುವುದು ಕಡ್ಡಾಯ.

ಊರಿನ ಅಭಿಮಾನ ಇಲ್ಲಿ ತೀರ್ಪನ್ನು ಮಸುಕುಗೊಳಿಸಬಾರದು. ಇಂಗ್ಲಿಷ್ ನಟರೊಬ್ಬರಿಗೆ ಬಣ್ಣ ಬಳಿದು ಗೋಡ್‌ಬೋಲೆ ಪಾತ್ರ ಕೊಟ್ಟದ್ದು, ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಶನ್ ಸೇಠ್ ಅವರಂಥ ಭಾರತೀಯ ನಟರಿದ್ದ ಅದೇ ಚಿತ್ರದಲ್ಲಿ ಕಣ್ಣಿಗೆ ಚುಚ್ಚುತ್ತದೆ. ನನ್ನ ದೃಷ್ಟಿಯಲ್ಲಿ ಅದು ಚಿತ್ರದ ಅತಿ ದುರ್ಬಲ ಭಾಗ. ಆಶ್‌ಕ್ರಾಫ್ಟ್ ಅವರ ಲೇಖನದಲ್ಲಿ ಅದಕ್ಕೆ ಒಂದೆರಡು ವಾಕ್ಯ ಸಾಕು, ಆದರೆ ಮುಚ್ಚಿಡುವುದು ಸರಿಯಲ್ಲ. ಶ್ರೀಮತಿ ಮೂರ್ ಪಾತ್ರದ ಬಲವಾದರೋ ಬೇರೆ ಕಡೆ ಇದೆ. ರಾತ್ರಿ ಮಸೀದಿಯಲ್ಲಿ ಡಾಕ್ಟರ್ ಅಜೀಜ್ ಅಪರಿಚಿತ ಇಂಗ್ಲಿಷ್ ಹೆಂಗಸನ್ನು ಕಂಡು ಚಪ್ಪಲಿ ಬಿಡಬೇಕಿತ್ತೆಂದು ರೇಗಿದಾಗ, ತಾನು ಆಗಲೇ ಬಿಟ್ಟು ಬಂದಿರುವುದಾಗಿ ಅವಳು ತಿಳಿಸುತ್ತಾಳೆ. ಕತೆಯ ಸ್ನೇಹವೆಲ್ಲ ಅಲ್ಲಿಂದ ಹುಟ್ಟುತ್ತದೆ. ಗುಹೆಯ ಪ್ರತಿಧ್ವನಿ ಕೇಳಿದ ಮೇಲೆ ಅವಳು ಮಾತು, ನಂಬಿಕೆ, ಮನುಷ್ಯರ ಸಹವಾಸ ಒಂದೊಂದರಿಂದಲೂ ಹಿಂದೆ ಸರಿಯುತ್ತಾಳೆ. ಈ ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟು ವಿವರಿಸಿದರೆ ಇಡೀ ಪಾತ್ರ ಓದುಗರಿಗೆ ಸಿಗುತ್ತದೆ.

ಇದರ ಜೊತೆಗೆ ಗ್ರಾನಡಾ ಟೆಲಿವಿಷನ್ನಿನ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಸರಣಿಯನ್ನು ನೋಡದೆ ಬಿಡಬೇಡಿ. ಬ್ರಿಟನ್ನಿನಲ್ಲಿ 1984ರ ಆರಂಭದಲ್ಲಿ ಪ್ರಸಾರವಾದ ಈ ಸರಣಿಯಲ್ಲಿ ಅವರು ನಿವೃತ್ತ ಮಿಷನರಿ ಶಿಕ್ಷಕಿ ಬಾರ್ಬಿ ಬ್ಯಾಚಲರ್. ಒಂದೇ ವರ್ಷ ಪ್ರೇಕ್ಷಕರ ಮುಂದೆ ಬಂದ ಎರಡು ಪಾತ್ರಗಳೂ ಭಾರತದಲ್ಲಿರುವ ವಯಸ್ಸಾದ ಇಂಗ್ಲಿಷ್ ಹೆಂಗಸರವು, ಇಬ್ಬರಿಗೂ ತಮ್ಮ ಜನರ ನಡುವೆಯೇ ಜಾಗವಿಲ್ಲ. ಆದರೆ ಬಾರ್ಬಿ ಬಾಯಿ ಮುಚ್ಚದೆ ಮಾತನಾಡುವವಳು, ಮಾತೇ ಅವಳನ್ನು ಎಲ್ಲರಿಂದ ದೂರ ಮಾಡುತ್ತದೆ, ಮಾತು ನಿಲ್ಲುವ ಹೊತ್ತಿಗೆ ಅವಳ ಬದುಕೂ ಮುಗಿದಿರುತ್ತದೆ. ಶ್ರೀಮತಿ ಮೂರ್ ಕೆಲವೇ ಮಾತಿನವಳು. ಎಲ್ಸಿ ಫೋಗರ್ಟಿ ಕಲಿಸಿದ ಉಸಿರು ಮತ್ತು ಉಚ್ಚಾರದ ಶಿಸ್ತನ್ನು ನೀವು ಮೊದಲೇ ಹೇಳಿದ್ದೀರಿ. ಅದು ಫಲ ಕೊಟ್ಟದ್ದನ್ನು ತೋರಿಸಲು ಬಾರ್ಬಿಯ ಎಡೆಬಿಡದ ಮಾತುಗಳಿಗಿಂತ ಒಳ್ಳೆಯ ನಿದರ್ಶನ ಸಿಗುವುದಿಲ್ಲ. ಒಬ್ಬಳೇ ನಟಿ ಒಂದೇ ವಯಸ್ಸಿನಲ್ಲಿ ಒಂದೇ ಬಗೆಯ ಎರಡು ಪಾತ್ರಗಳನ್ನು ಬೇರೆಯಾಗಿ ಕಟ್ಟಿದ ರೀತಿಯನ್ನು ಹೀಗೆ ಹೋಲಿಸುವ ಅವಕಾಶ ಅಪರೂಪ. ಇದಕ್ಕೆ ಬೇಕಾದಷ್ಟು ಜಾಗ ಕೊಡಿ. ಬಿಡುವಿದ್ದರೆ 1980ರ 'ಕಾಟ್ ಆನ್ ಎ ಟ್ರೇನ್' ಕೂಡ ನೋಡಿ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಹಟ ಹಿಡಿಯುವ ಅದರ ವಿಯೆನ್ನಾದ ಮುದುಕಿ, ಆಶ್‌ಕ್ರಾಫ್ಟ್ ಎಂದರೆ ಮಮತೆಯ ಅಜ್ಜಿ ಎಂಬ ಭಾವನೆಯನ್ನು ಅಳಿಸಿ ಹಾಕುತ್ತಾಳೆ.

ಖಾಸಗಿ ಬದುಕನ್ನು ಎಷ್ಟು ಬರೆಯಬೇಕು ಎಂಬ ಪ್ರಶ್ನೆ ಪ್ರತಿ ಜೀವನಚಿತ್ರದಲ್ಲೂ ಏಳುತ್ತದೆ. ಆಶ್‌ಕ್ರಾಫ್ಟ್ ಮೂರು ಬಾರಿ ಮದುವೆಯಾದರು, ಮೂರೂ ವಿಚ್ಛೇದನದಲ್ಲಿ ಮುಗಿದವು. ಕೊನೆಯ ಮದುವೆಯಿಂದ ಇಬ್ಬರು ಮಕ್ಕಳು. ಅವರು ಬದುಕಿದ್ದಾಗ ಬಂದ ಜೀವನಚರಿತ್ರೆ ರಂಗಭೂಮಿಯ ಮೇಲೆ ಗಮನವಿಟ್ಟರೆ, ಸತ್ತ ಮೇಲೆ ಬಂದದ್ದು ಪ್ರೇಮಪ್ರಕರಣಗಳತ್ತ ವಾಲಿತು. ಪಾತ್ರವನ್ನೋ ತಂಡವನ್ನೋ ಬದಲಿಸಿದ ಸಂಬಂಧವಾದರೆ ಬರೆಯಿರಿ, ಇಲ್ಲವಾದರೆ ಬಿಡಿ ಎಂಬುದು ಉಪಯುಕ್ತ ಅಳತೆ. ಎರಡನೆಯ ಪತಿ ಥಿಯೋಡೋರ್ ಕೊಮಿಸಾರ್‌ಜೆವ್‌ಸ್ಕಿ ರಷ್ಯಾ ಮೂಲದ ನಿರ್ದೇಶಕ. ಇಂಗ್ಲೆಂಡಿನಲ್ಲಿ ಚೆಕಾಫ್ ನಾಟಕಗಳಿಗೆ ಜೀವ ತುಂಬಿದವರಲ್ಲಿ ಮುಖ್ಯರು. ದಾಂಪತ್ಯ ಮುರಿದಿದ್ದ ಹೊತ್ತಿನಲ್ಲೇ, 1936ರಲ್ಲಿ, ಅವರ ನಿರ್ದೇಶನದ 'ದಿ ಸೀಗಲ್'ನಲ್ಲಿ ಆಶ್‌ಕ್ರಾಫ್ಟ್ ನೀನಾ ಆದರು. ಇದು ಬರೆಯಬೇಕಾದ ಸಂಗತಿ, ಏಕೆಂದರೆ ಆಕೆಯ ಚೆಕಾಫ್ ಅಭಿನಯದ ಬೇರು ಇಲ್ಲಿದೆ. ಉಳಿದ ಗುಸುಗುಸುಗಳಿಂದ ಓದುಗರಿಗೆ ಆಗಬೇಕಾದ್ದೇನೂ ಇಲ್ಲ.

ಪ್ರಶಸ್ತಿಗಳನ್ನು ಒಂದು ಪ್ಯಾರಾದಲ್ಲಿ ಮುಗಿಸಬಹುದು: 1956ರ ಡೇಮ್ ಗೌರವ, 1962ರಲ್ಲಿ ಹುಟ್ಟೂರು ಕ್ರಾಯ್ಡನ್‌ನಲ್ಲಿ ಅವರ ಹೆಸರಿನ ನಾಟಕಮಂದಿರ, 1985ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಪೋಷಕ ನಟಿಯ ಆಸ್ಕರ್, 1989ರಲ್ಲಿ 'ಶೀಸ್ ಬೀನ್ ಅವೇ' ಚಿತ್ರಕ್ಕಾಗಿ ವೆನಿಸ್ ಚಿತ್ರೋತ್ಸವದಲ್ಲಿ ಜೆರಾಲ್ಡೀನ್ ಜೇಮ್ಸ್ ಜೊತೆ ಹಂಚಿಕೊಂಡ ಬಹುಮಾನ. ಆಸ್ಕರ್ ಸ್ವೀಕರಿಸಲು ಅವರು ಹೋಗಿರಲಿಲ್ಲ, ಅವರ ಪರವಾಗಿ ಆಂಜೆಲಾ ಲ್ಯಾನ್ಸ್‌ಬರಿ ಪಡೆದರು. ಆಗ ವಯಸ್ಸು 77. ಆ ವಿಭಾಗದಲ್ಲಿ ಗೆದ್ದ ಅತ್ಯಂತ ಹಿರಿಯರು ಎಂಬ ದಾಖಲೆ ಅವರ ಪಾಲಿಗೆ ಬಂತು.

ಬರವಣಿಗೆಯ ಕೆಲವು ಸಣ್ಣ ವಿಷಯಗಳು ಉಳಿದಿವೆ. ನಟಿಯನ್ನು ಗೌರವದ ಬಹುವಚನದಲ್ಲಿಯೂ ಪಾತ್ರವನ್ನು ಏಕವಚನದಲ್ಲಿಯೂ ಬರೆಯುವ ಪದ್ಧತಿಯನ್ನು ಆರಂಭದಿಂದ ಕೊನೆಯವರೆಗೆ ಪಾಲಿಸಿದರೆ, 'ಅವಳು ಶಪಿಸುತ್ತಾಳೆ' ಎಂದಾಗ ಮಾರ್ಗರೆಟ್ ಎಂದೂ 'ಅವರು ತಿರುಗಿ ನೋಡುತ್ತಾರೆ' ಎಂದಾಗ ಆಶ್‌ಕ್ರಾಫ್ಟ್ ಎಂದೂ ಓದುಗರಿಗೆ ತಾನಾಗಿ ತಿಳಿಯುತ್ತದೆ. ಹೆಸರುಗಳನ್ನು ಒಂದೇ ರೀತಿ ಬರೆಯಲು ಮೊದಲೇ ಒಂದು ಚೀಟಿ ಮಾಡಿಟ್ಟುಕೊಳ್ಳಿ. ಗೀಲ್ಗುಡ್ ಒಂದು ಕಡೆ, ಗಿಯೆಲ್‌ಗುಡ್ ಇನ್ನೊಂದು ಕಡೆ ಬಂದರೆ ಇಬ್ಬರೆಂದು ತಿಳಿಯುವವರಿದ್ದಾರೆ. ಕಾಲಕ್ರಮದಲ್ಲಿಯೇ ಹೇಳಬೇಕೆಂಬ ನಿಯಮವಿಲ್ಲ. ಕನ್ನಡ ಓದುಗರಿಗಾದರೆ 1983ರ ಅರಮನೆ ಮೈದಾನದಿಂದ ಶುರುಮಾಡಿ ಹಿಂದಕ್ಕೆ ಹೋಗುವುದು ಸೂಕ್ತ. ಆದರೆ ಹಿಂದಕ್ಕೆ ಹೋದ ಮೇಲೆ ಮತ್ತೆ ಮತ್ತೆ ಮುಂದಕ್ಕೆ ಹಾರಬೇಡಿ, ಒಂದು ಹಾರಾಟಕ್ಕಿಂತ ಹೆಚ್ಚಾದರೆ ಇಸವಿಗಳು ಗೋಜಲಾಗುತ್ತವೆ. 1981–82ರಲ್ಲಿ ಟ್ರೆವರ್ ನನ್ ನಿರ್ದೇಶಿಸಿದ 'ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್'ನ ಕೌಂಟೆಸ್ ಅವರ ಕೊನೆಯ ರಂಗಪಾತ್ರ. ರಂಗಜೀವನದ ನಿರೂಪಣೆಯನ್ನು ಅಲ್ಲಿಗೆ ಮುಗಿಸಿ, 1991ರ ಜೂನ್ 14ರ ನಿಧನದ ದಿನಾಂಕವನ್ನು ಮೊದಲ ಪ್ಯಾರಾದಲ್ಲಿಯೇ ಹೇಳಿಬಿಟ್ಟರೆ ಲೇಖನದ ಕೊನೆ ಶ್ರದ್ಧಾಂಜಲಿಯ ಧಾಟಿಗೆ ಇಳಿಯುವುದಿಲ್ಲ. ಫೋಟೋ ಬಳಸುವುದಾದರೆ ಅದರ ಹಕ್ಕು ಯಾರದೆಂದು ವಿಚಾರಿಸಿ. ಅಡಿಬರಹದಲ್ಲಿ ನಾಟಕದ ಹೆಸರು, ನಾಟಕಮಂದಿರ, ಇಸವಿ ಮೂರನ್ನೂ ಹಾಕಿ, ಒಂದು ವೇಳೆ ಅದು ಕ್ಯಾಮೆರಾಗಾಗಿ ನಿಂತ ಚಿತ್ರವಾಗಿದ್ದರೆ ಅದನ್ನೂ ಅಲ್ಲಿಯೇ ತಿಳಿಸಿ.